ಚಿತ್ರದ ಕೆಳಗೆ ಕೂತವನು

ಗಂಗಾವತಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಮದುವೆ, ಜಾತ್ರೆ, ಹುಟ್ಟುಹಬ್ಬ, ಚುನಾವಣೆ, ಎಲ್ಲದರ ಬ್ಯಾನರೂ ಮಾಡುತ್ತೇನೆ. ಆದರೆ ರಾತ್ರಿ ಹತ್ತರ ಮೇಲೆ ಫೋನ್ ಬಂತು ಅಂದರೆ ಅದು ಹೆಚ್ಚಾಗಿ ಸಾವಿನ ಬ್ಯಾನರೇ. ಬೆಳಿಗ್ಗೆ ಮಣ್ಣು ಇರುತ್ತದೆ, ಅಷ್ಟರೊಳಗೆ ಮನೆ ಮುಂದೆ ಕಟ್ಟಬೇಕು. ವಾಟ್ಸಾಪಿನಲ್ಲಿ ಒಂದು ಫೋಟೋ ಬರುತ್ತದೆ. ಎಷ್ಟೋ ಸಲ ಅದು ಆಧಾರ್ ಕಾರ್ಡಿನದ್ದು, ಇಲ್ಲಾ ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಮೂರನೇ ಸಾಲಿನಲ್ಲಿ ನಿಂತ ಮುಖ. ಅದನ್ನು ಕತ್ತರಿಸಿ, ಸ್ವಲ್ಪ ಬೆಳಕು ಕೊಟ್ಟು, ನನ್ನ ಹತ್ತಿರ ಇರುವ ರೆಡಿ ಫೈಲಿನಲ್ಲಿ ಕೂರಿಸುತ್ತೇನೆ. ಮೇಲೆ ಮೋಡ, ಮೋಡದ ಸಂದಿಯಿಂದ ಇಳಿಯುವ ಬೆಳಕು, ಎರಡೂ ಬದಿ ದೀಪ, ಕೆಳಗೆ ಹೂವು, ನಡುವೆ ‘ಭಾವಪೂರ್ಣ ಶ್ರದ್ಧಾಂಜಲಿ’. ಮುಖ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ತಾರೀಖು ಬದಲಾಗುತ್ತದೆ. ಉಳಿದದ್ದು ಹಾಗೇ.

ಕಳೆದ ವರ್ಷ ಒಬ್ಬ ಹುಡುಗ ತನ್ನ ತಾಯಿಯ ಬ್ಯಾನರ್ ತಗೊಂಡು ಹೋಗಲು ಬಂದಿದ್ದ. ಬಿಚ್ಚಿ ನೋಡಿದ. ‘ಅಣ್ಣಾ, ಎದುರುಮನಿ ಅಜ್ಜಗೂ ಇದ ಮೋಡ ಹಾಕಿದ್ರಲ್ಲ’ ಅಂದ. ಬೈದದ್ದಲ್ಲ, ಜಗಳಕ್ಕೂ ಬಂದಿರಲಿಲ್ಲ, ಸುಮ್ನೆ ಕಣ್ಣಿಗೆ ಬಿದ್ದದ್ದನ್ನು ಹೇಳಿದ. ದುಡ್ಡು ಕೊಟ್ಟು, ಸುರುಳಿ ಸುತ್ತಿಕೊಂಡು ಹೋದ. ನನಗೆ ಅವತ್ತು ಊಟ ಸೇರಲಿಲ್ಲ. ಅವನಿಗೆ ಇದ್ದದ್ದು ಒಬ್ಬಳೇ ತಾಯಿ, ನಾನು ಕೊಟ್ಟದ್ದು ಎಲ್ಲರಿಗೂ ಕೊಡುವ ಮೋಡ.

ಹೊಸ ಮೋಡ ಹುಡುಕೋಣ ಅಂತ ರಾತ್ರಿ ಕೂತೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತನ್ನ ಹತ್ತಿರ ಇರುವ ಎಷ್ಟೋ ಹಳೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ದೊಡ್ಡ ಸೈಜಿನಲ್ಲೇ ಇಂಟರ್ನೆಟ್‌ಗೆ ಬಿಟ್ಟಿದೆ. ಮೋಡ, ಸ್ವರ್ಗ, ಸಮಾಧಿ ಅಂತ ಏನೇನೋ ಹೊಡೆದು ಹುಡುಕುತ್ತಾ ಹೋದಾಗ ಒಂದು ಕಪ್ಪುಬಿಳುಪು ಅಚ್ಚು ಸಿಕ್ಕಿತು. ಜಾನ್ ಜೇಮ್ಸ್ ಬ್ಯಾರಲೆಟ್ ಎಂಬ ಕಲಾವಿದ ಫಿಲಡೆಲ್ಫಿಯಾದಲ್ಲಿ 1802ರ ಹೊತ್ತಿಗೆ ಹೊರತಂದದ್ದು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು.

ಚಿತ್ರದಲ್ಲಿ ಸಮಾಧಿ ತೆರೆದಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಿಳಿ ಬಟ್ಟೆ ಸುತ್ತಿಕೊಂಡು, ಎರಡೂ ಕೈ ಚಾಚಿ ಮೇಲೇಳುತ್ತಿದ್ದಾನೆ. ರೆಕ್ಕೆ ಇರುವ ಒಬ್ಬ ಮುದುಕ, ಅವನೇ ಕಾಲಪುರುಷ, ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದಾನೆ. ಜೊತೆಗೆ ರೆಕ್ಕೆಯ ಹೆಣ್ಣೊಬ್ಬಳಿದ್ದಾಳೆ. ಮೇಲಿನಿಂದ ಬೆಳಕಿನ ಕೋಲುಗಳು ಅವನ ಮೇಲೆ ಬೀಳುತ್ತಿವೆ. ಒಂದು ಪಕ್ಕದಲ್ಲಿ ನಂಬಿಕೆ, ಭರವಸೆ, ಕರುಣೆ ಎಂಬ ಮೂರು ಗುಣಗಳು ಮೂರು ಹೆಂಗಸರಾಗಿ ನಿಂತಿವೆ. ಕೆಳಗೆ ಸಮಾಧಿಯ ಬುಡದಲ್ಲಿ ಹದ್ದು, ಸತ್ತವನ ರಕ್ಷಾಕವಚ, ದುಃಖದಲ್ಲಿ ಮುಳುಗಿದ ಸ್ವಾತಂತ್ರ್ಯ ದೇವಿ. ಅವಳ ಹತ್ತಿರವೇ ತಲೆ ತಗ್ಗಿಸಿ ಕೂತ ಅಮೆರಿಕದ ಮೂಲನಿವಾಸಿ ಒಬ್ಬ.

ನಾನು ಈ ಚಿತ್ರವನ್ನು ಮೊದಲೇ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮೂರ ಹನುಮಪ್ಪನ ಗುಡಿಯ ಪಕ್ಕ, ಬೇವಿನ ಮರದ ಬುಡದಲ್ಲಿ ಒಂದು ವೀರಗಲ್ಲು ಇದೆ. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಆಡಿದ್ದೇವೆ. ಮೂರು ಅಂಕಣದ ಕಲ್ಲು. ಕೆಳಗೆ ಕಾದಾಟ. ನಡುವೆ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ತೋಳಿನ ಕೆಳಗೆ ಕೈ ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವ ತನಕ ಇವನ ಹೆಸರು ಇರಲಿ ಅಂತ. ಅಪ್ಸರೆಯರ ಕೈ ಎಲ್ಲಿದೆಯೋ ಬ್ಯಾರಲೆಟ್‌ನ ಕಾಲಪುರುಷನ ಕೈಯೂ ಅಲ್ಲೇ ಇದೆ. ಇದನ್ನು ನೋಡಿ ಅದನ್ನು ಮಾಡಿದ್ದಲ್ಲ, ಎರಡರ ನಡುವೆ ಸಮುದ್ರವೂ ಇದೆ, ನೂರಾರು ವರ್ಷವೂ ಇದೆ. ಆದರೆ ಬಿದ್ದ ಮನುಷ್ಯನನ್ನು ಮೇಲೆತ್ತಬೇಕಾದರೆ ಹಿಡಿಯೋದು ಅಲ್ಲೇ ಅಲ್ವಾ.

ಆಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ.

ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್ 14ಕ್ಕೆ, ಮೌಂಟ್ ವರ್ನನ್ ಎಂಬ ತನ್ನ ಮನೆಯಲ್ಲಿ. ಅವನಿಗೆ ಆಗ 67. ನಾಲ್ಕು ದಿನಕ್ಕೆ ಅಲ್ಲೇ ಮಣ್ಣಾಯಿತು. ಆದರೆ ದೇಶದ ಜನ ಅಷ್ಟಕ್ಕೆ ಬಿಡಲಿಲ್ಲ. ಊರೂರಲ್ಲಿ ಖಾಲಿ ಪೆಟ್ಟಿಗೆ ಹೊತ್ತು ಮೆರವಣಿಗೆ ಮಾಡಿದರು. ಹೆಣ ಇಲ್ಲ, ಆದರೂ ಮಣ್ಣು. ಎಡತೋಳಿಗೆ 30 ದಿನ ಕಪ್ಪುಪಟ್ಟಿ ಕಟ್ಟಿಕೊಳ್ಳಿ ಅಂತ ಅಲ್ಲಿನ ಸಂಸತ್ತು ಜನರನ್ನು ಕೇಳಿಕೊಂಡಿತು. ಅವನ ಹುಟ್ಟಿದ ದಿನವಾದ ಫೆಬ್ರುವರಿ 22ನ್ನು 1800ರಲ್ಲಿ ಶೋಕದ ದಿನವಾಗಿ ನಡೆಸಿದರು. ಆ ದೇಶದ ಸಂವಿಧಾನ ಜಾರಿಗೆ ಬಂದು ಆಗ ಹತ್ತೇ ವರ್ಷ ಕಳೆದಿತ್ತು. ರಾಜನನ್ನು ಬಿಟ್ಟುಬಂದ ಜನ ಅವರು. ಅರಮನೆ ಇಲ್ಲ, ವಂಶ ಇಲ್ಲ, ಎಲ್ಲರಿಗೂ ಸೇರಿದ ಒಂದು ಗುಡಿ ಇಲ್ಲ. ಎಲ್ಲರೂ ಒಟ್ಟಿಗೆ ಒಂದೇ ಕೆಲಸ ಮಾಡಿದ್ದು ಅಂದರೆ ಬಹುಶಃ ಈ ಅಳುವೇ ಮೊದಲನೆಯದು. ಅಳುವವರಿಗೆ ಮುಂದೆ ಇಟ್ಟುಕೊಳ್ಳಲು ಒಂದು ಪಟ ಬೇಕಿತ್ತು. ಅಚ್ಚಿನವರು ಅದನ್ನು ಕೊಟ್ಟರು.

ಪಟಗಳು ಒಂದೆರಡಲ್ಲ. ರೆಂಬ್ರಾಂಟ್ ಪೀಲ್ ಬರೆದದ್ದನ್ನು ನೋಡಿ ಡೇವಿಡ್ ಎಡ್ವಿನ್ 1800ರಲ್ಲಿ ಕೆತ್ತಿದ ಅಚ್ಚಿನಲ್ಲಿ ವಾಷಿಂಗ್ಟನ್ ಮೋಡದ ಮೇಲೆ ಹೋಗುತ್ತಿದ್ದಾನೆ, ಕೆಳಗೆ ಅವನ ಮನೆ ಕಾಣುತ್ತದೆ, ಮೇಲೆ ಸ್ವಾತಂತ್ರ್ಯ ಯುದ್ಧದಲ್ಲಿ ಮೊದಲೇ ಸತ್ತ ಇಬ್ಬರು ಜೊತೆಗಾರರು, ವಾರನ್ ಮತ್ತು ಮಾಂಟ್‌ಗೊಮರಿ, ಅವನಿಗಾಗಿ ಕಾಯುತ್ತಿದ್ದಾರೆ. ಇದು ನನಗೆ ಬಹಳ ಇಷ್ಟ. ನಮ್ಮಲ್ಲಿ ಹಿರಿಯರು ಹೋದಾಗ ‘ಅವರಪ್ಪನ ಹತ್ತಿರ ಹೋದ್ರು’ ಅಂತೇವಲ್ಲ, ಅದೇ ಮಾತು ಚಿತ್ರವಾದಂತೆ ಇದೆ.

ಕೆಲಸದ ಕಣ್ಣಿನಿಂದ ನೋಡಿದರೆ ಇನ್ನೊಂದು ವಿಷಯ ಇದೆ. ಬ್ಯಾರಲೆಟ್‌ನ ಚಿತ್ರವನ್ನು ಕಂಪ್ಯೂಟರಿನಲ್ಲಿ ಜೂಮ್ ಮಾಡುತ್ತಾ ಹೋದರೆ ಮೈಯ ನೆರಳು, ಮೋಡದ ಬೂದು ಎಲ್ಲ ಒಡೆದು ಚುಕ್ಕೆಗಳಾಗುತ್ತವೆ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಒಂದೊಂದೇ ಚುಕ್ಕೆ ಚುಚ್ಚಿ, ಆಸಿಡ್ ಕೊಟ್ಟು, ಮಸಿ ಹಚ್ಚಿ ಒತ್ತುವ ಬಗೆ ಅದು. ಒತ್ತಾಗಿ ಚುಚ್ಚಿದರೆ ಕಪ್ಪು, ಬಿಡಿಬಿಡಿಯಾಗಿ ಚುಚ್ಚಿದರೆ ಬೆಳಕು. ನನ್ನ ಮಷೀನೂ ಮಾಡೋದು ಅದನ್ನೇ, ನಾಲ್ಕು ಬಣ್ಣದ ಚುಕ್ಕೆ ಉದುರಿಸುತ್ತದೆ. ಆರು ಅಡಿ ಬ್ಯಾನರ್ ಇಪ್ಪತ್ತು ನಿಮಿಷದಲ್ಲಿ ಹೊರಗೆ ಬರುತ್ತದೆ. ಆ ಮನುಷ್ಯ ಪ್ರತಿ ಚುಕ್ಕೆಯನ್ನೂ ಕೈಯಿಂದ ಇಟ್ಟಿದ್ದಾನೆ. ಒಂದು ಕಣ್ಣಿನ ಕೆಳಗಿನ ನೆರಳಿಗೇ ಎಷ್ಟು ಚುಕ್ಕೆ ಬೇಕಾಗಿರಬೇಕು ನೋಡಿ.

ಇನ್ನು ಆ ಹುಡುಗ ಹೇಳಿದ ಮೋಡದ ಮಾತಿಗೆ ಬರುತ್ತೇನೆ. 1865ರ ಏಪ್ರಿಲ್‌ನಲ್ಲಿ ಅಬ್ರಹಾಂ ಲಿಂಕನ್‌ನನ್ನು ಗುಂಡಿಟ್ಟು ಕೊಂದರು. ಅದೇ ವರ್ಷ, ಅದೇ ಫಿಲಡೆಲ್ಫಿಯಾದಲ್ಲಿ, ಡಿ. ಟಿ. ವೀಸ್ಟ್ ಎಂಬುವನು ಒಂದು ಕಲ್ಲಚ್ಚಿನ ಪಟ ಮಾಡಿದ. ಅದೇ ಸಮಾಧಿ, ಅದೇ ಕಾಲಪುರುಷ, ಅದೇ ಬಿಳಿ ಬಟ್ಟೆ, ಅದೇ ಬೆಳಕು, ಕೆಳಗೆ ಅದೇ ತಲೆ ತಗ್ಗಿಸಿದ ಮೂಲನಿವಾಸಿ. ಬ್ಯಾರಲೆಟ್‌ನ ಚಿತ್ರವನ್ನೇ ತೆಗೆದುಕೊಂಡು ವಾಷಿಂಗ್ಟನ್ನನ ಮೈಗೆ ಲಿಂಕನ್‌ನ ಮುಖ ಕೂರಿಸಿ, ಸಮಾಧಿಯ ಹೆಸರು ಬದಲಿಸಿದ್ದಾನೆ. ಅರವತ್ತು ವರ್ಷದ ಹಿಂದಿನ ರೆಡಿ ಫೈಲು!

ಇದನ್ನು ನೋಡಿದಾಗ ನನಗೆ ಅಳು ಬಂತು, ನಿಜ ಹೇಳುತ್ತೇನೆ. ವೀಸ್ಟ್‌ನನ್ನು ಕಳ್ಳ ಅಂತ ಅನ್ನಲು ನನಗೆ ಮನಸ್ಸಿಲ್ಲ. ಗುಂಡು ಬಿದ್ದ ಸುದ್ದಿ ಬಂದಿದೆ, ಜನ ಅಂಗಡಿ ಮುಂದೆ ನಿಂತಿದ್ದಾರೆ, ಹೊಸದಾಗಿ ಯೋಚಿಸಲು ಹೊತ್ತಿಲ್ಲ. ಜೊತೆಗೆ ಜನರಿಗೆ ಬೇಕಾದದ್ದೂ ಹೊಸದಲ್ಲ. ಅಜ್ಜನ ಕಾಲದಲ್ಲಿ ದೊಡ್ಡವನೊಬ್ಬ ಸತ್ತಾಗ ಗೋಡೆಗೆ ಏನು ಹಾಕಿದ್ದರೋ ಅದೇ ಬೇಕು. ಇವನೂ ಅವನಷ್ಟೇ ದೊಡ್ಡವನು ಅಂತ ಹೇಳೋದಕ್ಕೆ ಅದೇ ಮೋಡ ಬೇಕು. ಎದುರುಮನೆ ಅಜ್ಜನಿಗೆ ಹಾಕಿದ ಮೋಡವನ್ನೇ ನಾನು ಆ ತಾಯಿಗೂ ಹಾಕಿದ್ದು ತಪ್ಪಲ್ಲ ಅಂತ ಈಗ ನಂಬುತ್ತೇನೆ. ಬೀದಿಯವರೆಲ್ಲ ದೂರದಿಂದಲೇ ನೋಡಿ, ಓದುವ ಮೊದಲೇ, ಈ ಮನೆಯಲ್ಲಿ ಸಾವಾಗಿದೆ ಅಂತ ತಿಳಿದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಅದಕ್ಕೆ ಮೋಡ ಒಂದೇ ಇರಬೇಕು.

ಅಮೆರಿಕದ ಶಾಲೆ ಹುಡುಗಿಯರ ಕಥೆಯನ್ನೂ ಹೇಳಬೇಕು. ವಾಷಿಂಗ್ಟನ್ ಸತ್ತ ಮೇಲೆ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅವನ ಸಮಾಧಿಯ ಚಿತ್ರವನ್ನು ರೇಷ್ಮೆ ಬಟ್ಟೆಯ ಮೇಲೆ ಕಸೂತಿ ಹಾಕಿಸುವುದು ಶುರುವಾಯಿತು. ಅಚ್ಚಿನ ಪಟ ಮುಂದೆ ಇಟ್ಟುಕೊಂಡು ಹಾಕಬೇಕು. ಗ್ರೀಕರ ನಮೂನೆಯ ಒಂದು ಕಲಶ, ಅದರ ಮೇಲೆ ಬಾಗಿದ ನೀರಂಜಿ (ಇಂಗ್ಲಿಷಿನಲ್ಲಿ ವಿಲೋ) ಮರ, ಕಲ್ಲಿಗೆ ಒರಗಿ ಅಳುವ ಹೆಣ್ಣು. ಮರ, ಹುಲ್ಲು, ಬಟ್ಟೆಯ ನೆರಿಗೆ ಎಲ್ಲ ದಾರದಲ್ಲಿ. ಮುಖ ಮತ್ತು ಆಕಾಶ ಮಾತ್ರ ಬಣ್ಣದಲ್ಲಿ, ಅದನ್ನು ಎಷ್ಟೋ ಸಲ ಕೈ ಪಳಗಿದ ಚಿತ್ರಗಾರನೇ ಬರೆದುಕೊಡುತ್ತಿದ್ದ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಫಾಲ್ವೆಲ್ ಈ ಕೆಲಸಕ್ಕೆ ಹೆಸರಾದವನು. ನೀರಂಜಿಯ ಕೊಂಬೆ ಕಡಿದು ನೆಟ್ಟರೆ ಮತ್ತೆ ಚಿಗುರುತ್ತದೆ, ಅದು ಸಮಾಧಿಯ ಮರವಾಗಲು ಅದೂ ಒಂದು ಕಾರಣ. ಹೀಗೆ ದೇಶದ ತಂದೆಗೆ ಅಳುವುದನ್ನು ಸೂಜಿಯಲ್ಲಿ ಕಲಿತ ಹುಡುಗಿಯರು ಆಮೇಲೆ ಅದೇ ಮರ, ಅದೇ ಕಲಶ ಇಟ್ಟುಕೊಂಡು ತಮ್ಮ ತಂದೆಗೆ, ತಮ್ಮನಿಗೆ, ಎಳೆ ಕೂಸಿಗೆ ಹಾಕಿದರು. ಕಲ್ಲಿನ ಮೇಲಿನ ಹೆಸರು ಮಾತ್ರ ಬೇರೆ. ಕೆಲವು ಬಟ್ಟೆಗಳಲ್ಲಿ ಆ ಹೆಸರಿನ ಜಾಗ ಖಾಲಿಯೇ ಉಳಿದಿದೆ. ಇಷ್ಟೆಲ್ಲ ಹೊಲಿದು ಹೆಸರು ಬರೆಯದೆ ಬಿಟ್ಟ ಆ ಹುಡುಗಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

1840ರ ದಶಕದಲ್ಲಿ ನ್ಯೂಯಾರ್ಕಿನ ನಥಾನಿಯಲ್ ಕರಿಯರ್ ಇದನ್ನೇ ಕಲ್ಲಚ್ಚಿನಲ್ಲಿ ಅಗ್ಗವಾಗಿ ಮಾರಿದ. ಅವನಲ್ಲಿ ಹೆಸರಿನ ಜಾಗ ಬೇಕೆಂದೇ ಖಾಲಿ. ಮನೆಗೆ ಒಯ್ದು ನೀವೇ ಹೆಸರು, ತಾರೀಖು ಬರೆದುಕೊಳ್ಳಿ.

ಪಟಗಳು ದೇಶ ಬಿಟ್ಟೂ ಹೋದವು. ಚೀನಾದ ಕ್ಯಾಂಟನ್ನಿನ ಚಿತ್ರಗಾರರು ಬ್ಯಾರಲೆಟ್‌ನ ಚಿತ್ರವನ್ನು ಗಾಜಿನ ಹಿಂಬದಿಯಲ್ಲಿ ಬಣ್ಣದಲ್ಲಿ ಬರೆದು ಅಮೆರಿಕದ ಹಡಗಿಗೆ ಮಾರಿದರು. ಗಾಜಿನ ಕೆಲಸದಲ್ಲಿ ಎಲ್ಲ ತಿರುಗಾಮುರುಗಾ, ಕಣ್ಣಿನ ಹೊಳಪು ಮೊದಲು, ಹಿಂದಿನ ಆಕಾಶ ಕೊನೆಗೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, ವಾಷಿಂಗ್ಟನ್ ಯಾರ ವಿರುದ್ಧ ಕಾದಿದನೋ ಅವರ ನಾಡಿನಲ್ಲೇ, ‘ವಾಷಿಂಗ್ಟನ್ ವೈಭವದಲ್ಲಿ, ಅಮೆರಿಕ ಕಣ್ಣೀರಲ್ಲಿ’ ಎಂಬ ಮಾತು ಅಚ್ಚು ಹಾಕಿದ ಹೂಜಿಗಳು ತಯಾರಾದವು.

ಕಣ್ಣೀರಲ್ಲಿ ಇರುವ ಆ ಅಮೆರಿಕ ಒಬ್ಬ ಹೆಣ್ಣು. ದೇಶವನ್ನು ಹೆಣ್ಣಾಗಿ ಬರೆಯೋದು ನಮಗೆ ಹೊಸದಲ್ಲ. 1905ರಲ್ಲಿ ಅವನೀಂದ್ರನಾಥ ಟಾಗೋರ್ ಬರೆದ ಭಾರತಮಾತೆಗೆ ನಾಲ್ಕು ಕೈ, ಅವುಗಳಲ್ಲಿ ತೆನೆ, ಬಟ್ಟೆ, ಪುಸ್ತಕ, ಜಪಮಾಲೆ. ನಮ್ಮ ಹೊಳೆಯ ಆಚೆ ದಡದ ಹಂಪಿಯಲ್ಲಿ, ವಿರೂಪಾಕ್ಷನ ಗುಡಿಯೊಳಗೇ ಭುವನೇಶ್ವರಿ ಇದ್ದಾಳೆ, ನವೆಂಬರ್ ಬಂದರೆ ಅವಳನ್ನು ನಾನು ದಿನಕ್ಕೆ ಹತ್ತು ಬ್ಯಾನರಿಗೆ ಹಾಕುತ್ತೇನೆ. 1948ರಲ್ಲಿ ಗಾಂಧೀಜಿ ಹೋದಾಗ ಅವರು ಸ್ವರ್ಗಕ್ಕೆ ಏರುವ ಪಟಗಳೂ ನಮ್ಮಲ್ಲಿ ಅಚ್ಚಾಗಿದ್ದವು. ಆದರೆ ಅಮೆರಿಕದ ಹೆಣ್ಣಿನ ಕಥೆ ಸ್ವಲ್ಪ ಬೇರೆ. ಯುರೋಪಿನವರು ಮೊದಲು ಆ ಖಂಡವನ್ನು ಬರೆಯುತ್ತಿದ್ದದ್ದು ತಲೆಗೆ ಗರಿ ಕಟ್ಟಿದ ಮೂಲನಿವಾಸಿ ಹೆಣ್ಣಾಗಿ. ಸ್ವಾತಂತ್ರ್ಯ ಬಂದು, ತಮ್ಮದೇ ದೇಶ ಅಂತ ಆದ ಮೇಲೆ, ಅವಳ ಗರಿ ಹೋಗುತ್ತಾ ಗ್ರೀಕ್ ದೇವತೆಯ ಬಿಳಿ ಬಟ್ಟೆ ಬಂತು, ಮೈಬಣ್ಣವೂ ಬಿಳಿಯಾಯಿತು. ಎಡ್ವರ್ಡ್ ಸ್ಯಾವೇಜ್ 1796ರಲ್ಲಿ ಮಾಡಿದ ಅಚ್ಚಿನಲ್ಲಿ ಅವಳು ಹರೆಯದ ಹುಡುಗಿ, ಹದ್ದಿಗೆ ಬಟ್ಟಲಿನಲ್ಲಿ ಕುಡಿಸುತ್ತಿದ್ದಾಳೆ. ನೋಡಲು ತುಂಬಾ ಚೆಂದ. ಗರಿ ಕಟ್ಟಿದವಳು ಎಲ್ಲಿ ಹೋದಳು ಅಂತ ಮಾತ್ರ ಆ ಚಿತ್ರದಲ್ಲಿ ತಿಳಿಯುವುದಿಲ್ಲ.

ಬ್ಯಾರಲೆಟ್‌ನ ಚಿತ್ರದಲ್ಲಿ ತಿಳಿಯುತ್ತದೆ. ಅವಳ ಕಡೆಯವನು ಕೆಳಗೆ ಕೂತಿದ್ದಾನೆ. ಅವನನ್ನು ಆ ನೆಲದ ಹಳೆ ಗುರುತು ಅಂತ ಇಟ್ಟಿರಬಹುದು, ಇಡೀ ಖಂಡವೇ ಅಳುತ್ತಿದೆ ಅಂತ ಹೇಳಲು. ಇರಲಿ. ಆದರೆ ಇರೊಕ್ವಾ ಎಂಬ ಮೂಲನಿವಾಸಿ ಜನ ವಾಷಿಂಗ್ಟನ್ನನನ್ನು ಕರೆಯುತ್ತಿದ್ದ ಹೆಸರಿನ ಅರ್ಥ ‘ಊರು ಹಾಳು ಮಾಡುವವನು’. 1779ರಲ್ಲಿ ಅವನ ಅಪ್ಪಣೆಯ ಮೇಲೆ ಹೋದ ಸೈನ್ಯ ಅವರ ನಲವತ್ತಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತ್ತು, ನಿಂತ ಬೆಳೆಯನ್ನೂ ಬಿಟ್ಟಿರಲಿಲ್ಲ. ಅಂಥ ಮೂಲನಿವಾಸಿಗಳಲ್ಲಿ ಒಬ್ಬನನ್ನು ತಂದು ವಾಷಿಂಗ್ಟನ್ನನ ಸಮಾಧಿಯ ಬುಡದಲ್ಲಿ ಅಳಲು ಕೂರಿಸಿದ್ದಾರೆ. ಇನ್ನು ಮೌಂಟ್ ವರ್ನನ್ನಿನಲ್ಲಿ ಅವನಿಗೇ ಸೇರಿದ 123 ಗುಲಾಮರಿದ್ದರು. ತನ್ನ ಹೆಂಡತಿಯ ಕಾಲದ ನಂತರ ಅವರನ್ನು ಬಿಡಬೇಕು ಅಂತ ಉಯಿಲಿನಲ್ಲಿ ಬರೆದಿದ್ದ, ಹೆಂಡತಿ ಮಾರ್ಥಾ 1801ರ ಜನವರಿ 1ರಂದೇ ಬಿಟ್ಟಳು. ಆ ಜನ ಚಿತ್ರದಲ್ಲೇ ಇಲ್ಲ. 1865ರಲ್ಲಿ ಗುಲಾಮಗಿರಿ ಮುಗಿಸಿದ ಲಿಂಕನ್‌ನ ಮುಖ ಬಂದಾಗಲೂ ಕೆಳಗೆ ಕೂತವರು ಬದಲಾಗಲಿಲ್ಲ. ಮುಖ ಬದಲಿಸುವವನ ಕಣ್ಣು ಮೇಲೆ ಇರುತ್ತದೆ. ಕೆಳಗಿನ ಲೇಯರನ್ನು ಯಾರೂ ಮುಟ್ಟುವುದಿಲ್ಲ. ನಾನೂ ಮುಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಒಬ್ಬ ರೈಸ್‌ಮಿಲ್ ಮಾಲೀಕರು ತೀರಿಕೊಂಡರು. ಶಿವಗಣಾರಾಧನೆಗೆ ದೊಡ್ಡ ಬ್ಯಾನರ್ ಬೇಕಿತ್ತು. ಮೇಲೆ ಅವರು, ಕೆಳಗೆ ಮಿಲ್ಲಿನ ಹಮಾಲರು ಕೈ ಮುಗಿದು ನಿಂತಂತೆ ಇರಲಿ ಅಂದರು. ಒಂದು ಫೋಟೋ ಕಳಿಸಿದರು. ನಾನು ಕತ್ತರಿಸಿ, ಹಿಂದಿನ ಚೀಲದ ಅಟ್ಟಿ ತೆಗೆದು, ಮೋಡದ ಕೆಳಗೆ ಕೂರಿಸಿದೆ. ಚೆನ್ನಾಗಿ ಬಂತು ಅಂತ ಎಲ್ಲರೂ ಅಂದರು.

ಎರಡು ದಿನ ಬಿಟ್ಟು ಒಬ್ಬ ಹಿರಿಯರು ಅಂಗಡಿಗೆ ಬಂದರು. ತಲೆಗೆ ಟವೆಲ್ಲು, ಹೆಗಲ ಮೇಲೆ ಚೀಲ ಹೊತ್ತ ಗುರುತು. ‘ಸಾವ್ಕಾರ್ರ ಬ್ಯಾನರಿನ್ಯಾಗ ಎಡಗಡೆ ಇರಾಂವ ನಾನ ಅದೀನ್ರಿ’ ಅಂದರು. ನಾನು ಎದ್ದು ನಿಂತೆ. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. ‘ಅದು ಮಷಿನ್ ಪೂಜಿ ಮಾಡಿದಾಗ ತಗದಿದ್ರಿ. ಆಯುಧಪೂಜಿ ದಿನ. ನಾವು ಮಷಿನ್ನಿಗೆ ಕೈ ಮುಗದಿದ್ವಿ’ ಅಂದರು. ಆಮೇಲೆ ತುಸು ಹೊತ್ತು ಬಿಟ್ಟು, ‘ಸಾವ್ಕಾರ್ರು ಛಲೋ ಇದ್ರು, ಆ ಮಾತಲ್ಲ. ನಂದೊಂದು ಫೋಟೋ ಬೇಕಾಗಿತ್ತು’ ಅಂದರು.

ಬ್ಯಾನರಿನಿಂದ ಅವರೊಬ್ಬರನ್ನೇ ತೆಗೆದು ಪ್ರಿಂಟ್ ಕೊಡಲು ಹೊರಟೆ. ಬೇಡ ಅಂದರು. ‘ಕೈ ಮುಗದದ್ದು ಬ್ಯಾಡ್ರಿ. ಸುಮ್ನ ನಿಂತದ್ದು ಒಂದು ತಗೀರಿ.’ ಗೋಡೆಗೆ ಬಿಳಿ ಬಟ್ಟೆ ಕಟ್ಟಿದೆ. ಟವೆಲ್ಲು ತೆಗೆದು ಕೂದಲಿಗೆ ನೀರು ಹಚ್ಚಿಕೊಂಡರು. ಕೈ ಎರಡೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತರು. ನಾಲ್ಕು ಸಲ ತೆಗೆದೆ, ಎರಡನೆಯದು ಅವರಿಗೆ ಹಿಡಿಸಿತು.

ಕವರಿನ ಮೇಲೆ ಬರೆಯಲು ಹೆಸರು ಕೇಳಿದೆ. ಅವರ ಹೆಸರು ನನಗೆ ಗೊತ್ತಾದದ್ದು ಆಗಲೇ, ಬ್ಯಾನರ್ ಹಾಕಿ ಇಳಿಸಿದ ಮೇಲೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲಾ ಅಂತ ಅವರನ್ನು ಕೇಳಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ‘ಇದು ನಿಮ್ಮ ಕಂಪ್ಯೂಟರಿನ್ಯಾಗ ಇಟ್ಟಿರ್ರಿ. ನಾಳೆ ನಮ್ಮ ಹುಡುಗ್ರು ಬಂದ್ರ ಆಧಾರ್ ಕಾರ್ಡಿಂದು ಹಾಕಬ್ಯಾಡ್ರಿ’ ಅಂದರು. ಇಟ್ಟಿದ್ದೇನೆ. ಆ ಫೈಲಿಗೆ ಅವರದೇ ಹೆಸರಿದೆ.